ಮೊದಲು ಯಾರಿಗೆ ಹೇಳಬೇಕು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಪೋಷಕರ ಮತ್ತು ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ, ಈಗ ಪ್ರೌಢಶಾಲಾ ಶಿಕ್ಷಕಿಯಾಗಿರುವವರು ಆಡಿದ ಮಾತುಗಳ ಬರಹ ರೂಪ)



ಸುವರ್ಣ ಮಹೋತ್ಸವ ಅಂದರೆ ಹಳೆಯ ನೆನಪು ಹೇಳಿ, ಮೇಷ್ಟ್ರ ಬೆತ್ತವನ್ನು ಹೊಗಳಿ ಇಳಿಯುವುದು ವಾಡಿಕೆ. ಸಮಿತಿಯವರು ನನಗೆ ಕೊಟ್ಟದ್ದು ಬೇರೆ ವಿಷಯ: ಮಕ್ಕಳ ರಕ್ಷಣೆ ಮತ್ತು ಮೊಬೈಲು. ಆದರೂ ಒಂದು ನೆನಪಿನಿಂದಲೇ ಶುರು ಮಾಡುತ್ತೇನೆ.

1993ರ ಏಪ್ರಿಲ್ 9ರಂದು ಇಲ್ಲೇ ಪಾಲಾರ್ ಹತ್ತಿರ ವೀರಪ್ಪನ್ ಗುಂಪು ನೆಲಬಾಂಬ್ ಸಿಡಿಸಿ 22 ಜನ ಸತ್ತರು. ನಾನಾಗ ಎಂಟನೇ ತರಗತಿಯ ಪರೀಕ್ಷೆ ಮುಗಿಸಿದ್ದ ಹುಡುಗಿ. ಆಮೇಲೆ ಎಷ್ಟೋ ವರ್ಷ ನಮ್ಮ ಅವ್ವಂದಿರು ಕತ್ತಲಾಗುವ ಮುಂಚೆ ಮಕ್ಕಳನ್ನು ಎಣಿಸಿ ಒಳಗೆ ಕರೆದುಕೊಳ್ಳುತ್ತಿದ್ದರು. ಬೆಟ್ಟದಿಂದ ಇಳಿದ ಬಸ್ಸಿನಿಂದ ಗುರುತಿಲ್ಲದವರು ಇಳಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಯಾರ ಮನೆಗೆ ಬಂದರು, ಯಾಕೆ ಬಂದರು ಎಂದು ಟೀ ಅಂಗಡಿಯಲ್ಲೇ ವಿಚಾರಣೆ ಆಗಿಹೋಗುತ್ತಿತ್ತು. ಭಯವಿತ್ತು, ಅದರ ಜೊತೆಗೆ ಕಾವಲೂ ಇತ್ತು. ಈಗ ಮನೆಯ ಮಗಳ ಹತ್ತಿರ ಯಾರು ಬಂದು ಮಾತಾಡಿ ಹೋದರು ಎಂಬುದು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುವ ಅಜ್ಜಿಗೂ ತಿಳಿಯುವುದಿಲ್ಲ.

ಫೋನನ್ನು ಬೈಯುವುದಕ್ಕೆ ನಾನು ಬಂದಿಲ್ಲ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಫೋನ್ ಕೊಡಿಸಿ, ಕೊಡಿಸಿ ಎಂದು ಮನೆಮನೆಗೆ ಹೇಳಿದವರು ನಾವೇ ಶಿಕ್ಷಕರು. ಆಡು ಮಾರಿ ಫೋನ್ ತಂದವರಿದ್ದಾರೆ. ನೆಟ್‌ವರ್ಕ್ ಸಿಗುವ ಬಂಡೆ ಹುಡುಕಿಕೊಂಡು ಮಕ್ಕಳು ಪುಸ್ತಕ ಹಿಡಿದು ಹತ್ತಿದರು. 2021ರ ಜುಲೈನಲ್ಲಿ ಎರಡೇ ದಿನದಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯಿತು, ಶಾಲೆ ತೆರೆಯಿತು, ಫೋನು ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಅಪ್ಪ ಅವ್ವ ತಿರುಪ್ಪೂರಿಗೋ ಕ್ವಾರಿ ಕೆಲಸಕ್ಕೋ ಹೋಗಿರುವ ಮನೆಯಲ್ಲಿ, ಅವರ ಮುಖ ನೋಡಲು ಮಗುವಿಗಿರುವುದು ಅದೊಂದೇ ಕಿಟಕಿ. ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಗೆ ಹೇಳಲಿ?

ಈಗ ನನ್ನ ತಪ್ಪೊಂದನ್ನು ಹೇಳಬೇಕು. 2012ರಲ್ಲಿ ನಾನು ಬೇರೊಂದು ತಾಲ್ಲೂಕಿನ ಶಾಲೆಯಲ್ಲಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬಂದು ನಿಂತಳು. ಒಂದು ಮಿಸ್ಡ್ ಕಾಲ್‌ನಿಂದ ಶುರುವಾಗಿತ್ತು. ಆ ಕಡೆಯವನು ಕಾಲೇಜು ಹುಡುಗ ಎಂದುಕೊಂಡಿದ್ದ, ಚೆನ್ನಾಗಿ ಮಾತಾಡುತ್ತಿದ್ದ, ಕರೆನ್ಸಿ ಹಾಕಿಸುತ್ತಿದ್ದ. ಜಾತ್ರೆಯಲ್ಲಿ ಒಮ್ಮೆ ಸಿಕ್ಕಿ ಜೊತೆಯಲ್ಲಿ ಫೋಟೋ ತೆಗೆಸಿಕೊಂಡ. ಈಗ, ಕರೆದ ಕಡೆ ಬರದಿದ್ದರೆ ಆ ಫೋಟೋ ಊರಿಗೆಲ್ಲ ಹಂಚುತ್ತೇನೆ ಅನ್ನುತ್ತಿದ್ದಾನೆ. "ಮಿಸ್, ನಮ್ಮಪ್ಪನಿಗೆ ಮಾತ್ರ ಹೇಳ್ಬೇಡಿ" ಅಂದಳು.

ನಾನು ಮಾಡಿದ್ದೇನು? ಅವಳ ಫೋನ್ ಕಿತ್ತುಕೊಂಡೆ. ಬೈದೆ. ಸಂಜೆಯೊಳಗೆ ಅವಳ ಅಪ್ಪನಿಗೆ ಫೋನ್ ಮಾಡಿದೆ. ಜವಾಬ್ದಾರಿ ಮುಗಿಯಿತು ಅಂದುಕೊಂಡೆ. ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ವರ್ಷ ತಿರುಗುವುದರೊಳಗೆ ಮದುವೆ ಆಗಿಹೋಯಿತು. ಬೆದರಿಸಿದವನಿಗೆ ಏನೂ ಆಗಲಿಲ್ಲ, ಅವನು ಯಾರೆಂದು ಯಾರೂ ಕೇಳಲೂ ಇಲ್ಲ. ಅದೇ ವರ್ಷ ನವೆಂಬರ್ 14ರಂದು ಪೋಕ್ಸೋ ಕಾಯ್ದೆ ಜಾರಿಗೆ ಬಂತು. ನಮ್ಮ ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಒಂದು ಮಾತು ಬರಲಿಲ್ಲ.

ಎರಡು ವರ್ಷದ ಹಿಂದೆ ಮಾದಪ್ಪನ ಬೆಟ್ಟದಲ್ಲಿ ಅವಳು ಸಿಕ್ಕಳು. ಗುರುತು ಹಿಡಿದು ಕಾಲಿಗೆ ಬೀಳಲು ಬಂದಳು, ನನಗೇ ನಾಚಿಕೆಯಾಯಿತು. ಈ ಕಥೆ ಹೇಳಲು ಅವಳ ಒಪ್ಪಿಗೆ ಕೇಳಿದ್ದೇನೆ. ಯಾವ ಊರು, ಯಾವ ಶಾಲೆ ಎಂದು ದಯವಿಟ್ಟು ಊಹಿಸಲು ಹೋಗಬೇಡಿ. ಅವಳಿಗೂ ಈಗ ಒಬ್ಬ ಮಗಳು. ಹೊರಡುವಾಗ ಅವಳು ಕೇಳಿದ್ದು ಇಷ್ಟೇ: "ಮಿಸ್, ನನ್ನ ಮಗಳು ನಿಮ್ಮಂಥವರ ಹತ್ರ ಹೀಗೆ ಬಂದು ಹೇಳಿದ್ರೆ, ಮೊದಲು ಯಾರಿಗೆ ಫೋನ್ ಮಾಡ್ತಾರೆ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೋಸದ ರೀತಿ ಬದಲಾಗಿಲ್ಲ, ದಾರಿ ಬದಲಾಗಿದೆ. ಅಂದು ಮಿಸ್ಡ್ ಕಾಲ್, ಇಂದು ಇನ್‌ಸ್ಟಾಗ್ರಾಂ, ಇಲ್ಲವೇ ಆಟದ ಆಪ್. ಗಂಡುಮಕ್ಕಳಿಗೆ ಆಟದಲ್ಲಿ ಡೈಮಂಡ್ ಕೊಡಿಸುತ್ತೇನೆ ಅನ್ನುವವನು, ಹೆಣ್ಣುಮಕ್ಕಳಿಗೆ ನಿನ್ನ ರೀಲ್ಸ್ ಚೆನ್ನಾಗಿದೆ ಅನ್ನುವವನು. ಮೊದಲು ಹೊಗಳಿಕೆ, ಆಮೇಲೆ ವಾಟ್ಸಾಪ್‌ಗೆ ಬಾ ಅನ್ನುವುದು, ಆಮೇಲೆ ಇದು ನಮ್ಮಿಬ್ಬರ ಗುಟ್ಟು, ಆಮೇಲೆ ಒಂದು ಫೋಟೋ. ಫೋಟೋ ಕೈಗೆ ಸಿಕ್ಕ ಮೇಲೆ ಬೆದರಿಕೆ. ಫೋಟೋ ಕಳಿಸದಿದ್ದರೂ ಈಗ ಮುಖವನ್ನು ಬೇರೆ ಮೈಗೆ ಜೋಡಿಸುತ್ತಾರೆ. ಅದೂ ಅಪರಾಧವೇ.

ಇಂಥ ಹೊತ್ತಿನಲ್ಲಿ ಮಕ್ಕಳು ಎರಡು ತಪ್ಪು ಮಾಡುತ್ತಾರೆ. ಹೆದರಿ ಹಣ ಕೊಡುತ್ತಾರೆ, ಇಲ್ಲವೇ ನಾಚಿಕೆಯಿಂದ ಎಲ್ಲವನ್ನೂ ಅಳಿಸಿಬಿಡುತ್ತಾರೆ. ಹಣ ಕೊಟ್ಟರೆ ಮತ್ತೆ ಕೇಳುತ್ತಾನೆ. ಅಳಿಸಿದರೆ ಸಾಕ್ಷಿ ಹೋಗುತ್ತದೆ. ಅವನ ಹೆಸರು, ನಂಬರು, ಕಳಿಸಿದ ಮಾತು ಎಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಬೇಕು. ಹದಿನೆಂಟು ತುಂಬದವರ ಅಂಥ ಫೋಟೋ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ 2023ರಿಂದ ಇದೆ. ಅಲ್ಲಿ ಫೋಟೋವನ್ನು ಯಾರಿಗೂ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಆ ಫೋಟೋದಿಂದ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತದೆ, ಆ ಸಂಖ್ಯೆ ಮಾತ್ರ ಹೋಗುತ್ತದೆ. ಅದಕ್ಕೆ ಸೇರಿರುವ ಕಂಪನಿಗಳು ತಮ್ಮಲ್ಲಿ ಆ ಚಿತ್ರ ಕಂಡರೆ ತೆಗೆಯುತ್ತವೆ.

ಹೇಳಬೇಕಾದ ನಂಬರುಗಳು ಮೂರು. ಮಕ್ಕಳ ಸಹಾಯವಾಣಿ 1098. ತುರ್ತಿಗೆ 112. ಫೋನಿನಲ್ಲಿ ಹಣ ಹೋದರೆ 1930, ಇದಕ್ಕೆ ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು, ವಿದ್ಯಾರ್ಥಿವೇತನ ಬಂದಿದೆ ಒಟಿಪಿ ಹೇಳಿ ಅನ್ನುವವರಿಗೂ ಇದೇ ಮದ್ದು. ನಮ್ಮದು ಗಡಿ ಊರು. ಫೋನು ಒಂದು ಗಳಿಗೆ ಕರ್ನಾಟಕ, ಒಂದು ಗಳಿಗೆ ತಮಿಳುನಾಡು. ಕರೆ ಆ ಕಡೆ ಹೋದರೂ ಹೋಗಬಹುದು, ಆದ್ದರಿಂದ ಪಾಲಾರ್, ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ ಎಂದು ಮೊದಲೇ ಹೇಳಿ. ಬೆದರಿಸುವವನು ಮೆಟ್ಟೂರಿನವನಾದರೂ ಸರಿ, ಬೆಂಗಳೂರಿನವನಾದರೂ ಸರಿ, ಇದು ನಮ್ಮ ಸರಹದ್ದಲ್ಲ ಎಂದು ಠಾಣೆಯವರು ದೂರನ್ನು ತಿರಸ್ಕರಿಸುವಂತಿಲ್ಲ. ಎಲ್ಲಿ ಬೇಕಾದರೂ ದೂರು ದಾಖಲಿಸಬಹುದು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲೇ ಬರೆದಿದೆ.

ಊರಿನ ಹಿರಿಯರಿಗೆ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಅಂದರೆ ಯಜಮಾನರು ಚಾವಡಿಯಲ್ಲಿ ಕೂತು, ತಪ್ಪುಕಾಣಿಕೆ ಹಾಕಿ, ಕೈ ಹಿಡಿಸಿ ಬಗೆಹರಿಸುವ ವ್ಯವಹಾರ ಇದಲ್ಲ. ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ನನಗೂ ಅರ್ಥವಾಗುತ್ತದೆ. ಕಾನೂನು ಮಾಡಿದವರಿಗೂ ಅದು ಅರ್ಥವಾಗಿತ್ತು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಬೇಕಾದ ಜಾಗದಲ್ಲೋ ಪಡೆಯಬೇಕು, ಆದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಪಡೆಯಬೇಕು, ಅವರು ಯೂನಿಫಾರಂನಲ್ಲಿ ಇರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಬಾರದು, ಹೆಸರು ಪತ್ರಿಕೆಯಲ್ಲಿ ಬರಬಾರದು. ಇವೆಲ್ಲ ಕಾಯ್ದೆಯಲ್ಲೇ ಇವೆ. ಹಾಗೆ ನಡೆಯದಿದ್ದರೆ ಕೇಳುವ ಹಕ್ಕು ನಿಮಗಿದೆ. ಯಜಮಾನಿಕೆ ತೋರಿಸಬೇಕಾದ ಜಾಗ ಅದು.

ಹುಡುಗರೇ, ನಗಬೇಡಿ, ನಿಮಗೂ ಇದೆ. ಪೋಕ್ಸೋ ಕಾಯ್ದೆ ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ, ನಿಮ್ಮನ್ನೂ ಕಾಯುತ್ತದೆ. ಹಾಗೆಯೇ ತರಗತಿಯ ಹುಡುಗಿಯ ಅಂಥ ಚಿತ್ರವನ್ನು ತಮಾಷೆಗೆಂದು ಫಾರ್ವರ್ಡ್ ಮಾಡಿದವನೂ ಐಟಿ ಕಾಯ್ದೆಯಲ್ಲಿ ಅಪರಾಧಿ. ನಾನು ತೆಗೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ ಅನ್ನುವ ಮಾತು ನಡೆಯುವುದಿಲ್ಲ.

ಫಾರ್ವರ್ಡ್ ಎಂದಾಗ ದೊಡ್ಡವರೂ ನೆನಪಿಡಬೇಕಾದ ಒಂದು ಘಟನೆ ನಮ್ಮ ರಾಜ್ಯದಲ್ಲೇ ನಡೆದಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದ್ ಕಡೆಯಿಂದ ಬಂದಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂದು ವಾಟ್ಸಾಪ್‌ನಲ್ಲಿ ಹರಡಿತು. ಮುರ್ಕಿ ಎಂಬ ಊರಿನಲ್ಲಿ ಜನ ಕಾರು ತಡೆದು ಹೊಡೆದರು, ಒಬ್ಬ ಯುವಕ ಸತ್ತ. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಕಳಿಸುವ ಮಿತಿ ತಂದಿತು. ಮಕ್ಕಳನ್ನು ಕಾಪಾಡುತ್ತೇವೆ ಎಂಬ ಭರಾಟೆಯಲ್ಲಿ ಆದ ಕೊಲೆ ಅದು. ನಮ್ಮೂರಿನ ದಾರಿಯಲ್ಲೂ ವರ್ಷವಿಡೀ ಪರಸ್ಥಳದ ಪರಿಸೆಯವರು ಬಂದು ಹೋಗುತ್ತಾರೆ, ನೋಡಿ.

ಶಿಕ್ಷಕರಾಗಿ ನಾವೂ ಸರಿಯಾಗಬೇಕು. ತರಗತಿಯ ಗ್ರೂಪಿನಲ್ಲಿ ಹೇಳಬಹುದಾದದ್ದನ್ನು ಒಂದೇ ಮಗುವಿಗೆ ರಾತ್ರಿ ಹತ್ತು ಗಂಟೆಗೆ ಕಳಿಸಬಾರದು. ಕ್ರೀಡಾಕೂಟದ ಫೋಟೋಗೆ ಹುಡುಗಿಯ ಹೆಸರು, ಊರು, ತರಗತಿ ಸೇರಿಸಿ ಫೇಸ್‌ಬುಕ್‌ಗೆ ಏರಿಸುವ ಉತ್ಸಾಹ ಸ್ವಲ್ಪ ಕಮ್ಮಿಯಾಗಲಿ. ಈ ಸಂಚಿಕೆಯ ಸಂಪಾದಕರಿಗೂ ಅದನ್ನೇ ಹೇಳಿದ್ದೇನೆ, ಒಪ್ಪಿದ್ದಾರೆ. ದೂರು ಪೆಟ್ಟಿಗೆ ಬಹಳ ಶಾಲೆಗಳಲ್ಲಿ ಮುಖ್ಯಶಿಕ್ಷಕರ ಕೋಣೆಯ ಎದುರಿಗೇ ಇರುತ್ತದೆ. ಎಲ್ಲರ ಕಣ್ಣೆದುರಿಗೆ ಯಾವ ಮಗು ಚೀಟಿ ಹಾಕುತ್ತದೆ? ಶೌಚಾಲಯಕ್ಕೆ ಹೋಗುವ ದಾರಿಯಲ್ಲಿಡಿ, ಬೀಗದ ಕೈ ಒಬ್ಬರ ಹತ್ತಿರವೇ ಬೇಡ, ಎಸ್‌ಡಿಎಂಸಿಯ ಒಬ್ಬ ತಾಯಿಯ ಹತ್ತಿರವೂ ಇರಲಿ.

ಅಪ್ಪಂದಿರೇ, ನಿಮಗೆ ಕೈಮುಗಿದು ಕೇಳುತ್ತೇನೆ. ಮಗಳು ಬಂದು ಹೇಳಿದ ದಿನ ಅವಳ ಶಾಲೆ ಬಿಡಿಸುವುದಿಲ್ಲ ಎಂದು ಇವತ್ತೇ ಅವಳಿಗೆ ಹೇಳಿಬಿಡಿ. ಮಕ್ಕಳು ಬಾಯಿ ಬಿಡದಿರುವುದು ಬೆದರಿಸುವವನ ಭಯಕ್ಕಿಂತ ಹೆಚ್ಚಾಗಿ ನಿಮ್ಮ ಭಯಕ್ಕೆ. ಬೆದರಿಸುವವನಿಗೆ ಅದು ಚೆನ್ನಾಗಿ ಗೊತ್ತು, ಅವನ ಬಂಡವಾಳವೇ ಅದು.

ಬೆಟ್ಟದಲ್ಲಿ ಸಿಕ್ಕ ಹೆಣ್ಣುಮಗಳಿಗೆ ಅಂದು ನಾನು ಉತ್ತರ ಕೊಡಲಿಲ್ಲ, ಆಮೇಲೆ ಫೋನಿನಲ್ಲಿ ಕೊಟ್ಟೆ. ಮೊದಲು ಮಗುವನ್ನು ಕೂರಿಸಿ ನೀರು ಕೊಡುತ್ತೇನೆ, ನಿನ್ನ ತಪ್ಪಿಲ್ಲ ಅನ್ನುತ್ತೇನೆ, ಅದರ ಎದುರಿಗೇ 1098ಕ್ಕೆ ಮಾಡುತ್ತೇನೆ, ಮನೆಯಲ್ಲಿ ಯಾರಿಗೆ ಹೇಳಿದರೆ ಧೈರ್ಯ ಎಂದು ಅವಳನ್ನೇ ಕೇಳಿ ಅವರನ್ನು ಕರೆಸುತ್ತೇನೆ ಅಂದೆ. "ಹಂಗಾದ್ರೆ ನಮ್ಮವ್ವನ್ನ ಕರಿಸ್ಬೌದಿತ್ತು ಮಿಸ್" ಅಂದಳು.

ನಮ್ಮ ಬ್ಯಾಚಿನವರು ಬಣ್ಣ, ಬ್ರಷ್ಷು ತಂದಿದ್ದಾರೆ. ನೀರಿನ ತೊಟ್ಟಿಯ ಪಕ್ಕದ ಗೋಡೆಯನ್ನು ನಿನ್ನೆಯೇ ಸುಣ್ಣ ಬಳಿದು ಬಿಟ್ಟಿದ್ದಾರೆ. ಆ ಮೂರು ನಂಬರುಗಳನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆಯಬೇಕು. ಅಕ್ಷರ ದುಂಡಗೆ ಬರೆಯುವ ಹತ್ತನೇ ತರಗತಿಯವರು ಊಟ ಮುಗಿಸಿ ಅಲ್ಲಿಗೆ ಬನ್ನಿ.