ತವರಿನ ಮೇಲೆ ಬಾಂಬು ಬಿದ್ದಾಗ

ಸ್ವದೇಶದಲ್ಲಿ ಯುದ್ಧ ನಡೆಯುವಾಗ ಪರದೇಶದಲ್ಲಿ ಇರುವವನ ಪ್ರಾಣ ಕ್ಷೇಮವಾಗಿರಬಹುದು, ಮನಸ್ಸು ಕ್ಷೇಮವಾಗಿರುವುದಿಲ್ಲ. ಅದರಲ್ಲೂ ತನ್ನ ದೇಶವೇ ಅನ್ಯಾಯದ ಪಕ್ಷವಾಗಿದ್ದರೆ ಅವನು ಯಾರ ಗೆಲುವನ್ನು ಹಾರೈಸಬೇಕು? ಎರಡನೆಯ ಮಹಾಯುದ್ಧದ ಉದ್ದಕ್ಕೂ ಈ ಪ್ರಶ್ನೆಯನ್ನು ಎದುರಿಸಿದವರು ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್.

1929ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಿದ್ದ ಮಾನ್, 1933ರ ಫೆಬ್ರುವರಿಯಲ್ಲಿ ಉಪನ್ಯಾಸ ಪ್ರವಾಸಕ್ಕೆಂದು ಮ್ಯೂನಿಕ್ ಬಿಟ್ಟರು. ಅವರು ಸ್ವಿಟ್ಜರ್ಲೆಂಡಿನಲ್ಲಿದ್ದಾಗ ಜರ್ಮನಿಯ ಮೇಲೆ ಹಿಟ್ಲರನ ಹಿಡಿತ ಬಿಗಿಯಾಯಿತು. ಮಕ್ಕಳು ಫೋನ್ ಮಾಡಿ, ಇಲ್ಲಿ ಹವೆ ಸರಿಯಿಲ್ಲ, ಈಗ ಬರಬೇಡಿ ಎಂದರು. ಹವೆಯ ಮಾತು ನೆಪ. ಅರ್ಥ ಬೇರೆಯೇ ಇತ್ತು. ಆಮೇಲೆ 16 ವರ್ಷ ಅವರು ಜರ್ಮನಿಯಲ್ಲಿ ಕಾಲಿಡಲಿಲ್ಲ. 1936ರಲ್ಲಿ ಅವರ ಪೌರತ್ವವನ್ನೂ ಕಿತ್ತುಕೊಳ್ಳಲಾಯಿತು. 1938ರಲ್ಲಿ ಅಮೆರಿಕ ಸೇರಿದರು.

1940ರ ಅಕ್ಟೋಬರಿನಿಂದ ಮಾನ್ ಬಿಬಿಸಿಯ ಮೂಲಕ ಜರ್ಮನ್ ಜನರೊಡನೆ ಮಾತನಾಡತೊಡಗಿದರು. ಮೊದಮೊದಲು ಅವರ ಬರಹವನ್ನು ಲಂಡನ್ನಿನಲ್ಲಿ ಬೇರೊಬ್ಬರು ಓದುತ್ತಿದ್ದರು. 1941ರಿಂದ ಅವರ ದನಿಯೇ ಕೇಳಿಸಿತು. ಲಾಸ್ ಏಂಜಲಿಸ್‌ನಲ್ಲಿ ಮುದ್ರಿಸಿದ ತಟ್ಟೆ ವಿಮಾನದಲ್ಲಿ ನ್ಯೂಯಾರ್ಕಿಗೆ ಹೋಗುತ್ತಿತ್ತು. ಅಲ್ಲಿಂದ ದನಿ ಫೋನ್ ಮೂಲಕ ಲಂಡನ್ನಿಗೆ ಸಾಗಿ, ಮತ್ತೆ ತಟ್ಟೆಗಿಳಿದು ಪ್ರಸಾರವಾಗುತ್ತಿತ್ತು. ಕೇಳುವವರಿಗೂ ಅಪಾಯವಿತ್ತು. ವಿದೇಶಿ ರೇಡಿಯೊ ಕೇಳುವುದನ್ನು ನಾಜಿ ಸರ್ಕಾರ 1939ರಲ್ಲೇ ಅಪರಾಧವೆಂದು ಸಾರಿತ್ತು. ಕೇಳಿದ್ದನ್ನು ಹಬ್ಬಿಸಿದರೆ ಮರಣದಂಡನೆಯನ್ನೂ ವಿಧಿಸಬಹುದಿತ್ತು.

1942ರ ಮಾರ್ಚ್ ಕೊನೆಯಲ್ಲಿ ಬ್ರಿಟಿಷ್ ವಿಮಾನಗಳು ಲೂಬೆಕ್ ನಗರದ ಮೇಲೆ ಬಾಂಬು ಸುರಿದವು. ಅದು ಮಾನ್ ಅವರ ಹುಟ್ಟೂರು. ‘ಬುಡನ್‌ಬ್ರೂಕ್ಸ್’ ಕಾದಂಬರಿಗೆ ಮಾದರಿಯಾದ ಅವರ ಅಜ್ಜ-ಅಜ್ಜಿಯರ ಮನೆಯೂ ಸುಟ್ಟಿತು. ಮುಂಗೋಡೆ ಮಾತ್ರ ನಿಂತಿತು. ಮರುತಿಂಗಳ ಭಾಷಣದಲ್ಲಿ ಮಾನ್, ಜರ್ಮನ್ ವಿಮಾನಗಳು 1940ರಲ್ಲಿ ಹಾಳುಗೆಡವಿದ ಇಂಗ್ಲೆಂಡಿನ ಕವೆಂಟ್ರಿಯನ್ನು ನೆನೆದರು. ಮಾಡಿದ್ದಕ್ಕೆ ಬೆಲೆ ತೆರಲೇಬೇಕೆಂಬ ನೀತಿಗೆ ತಮ್ಮ ತಕರಾರಿಲ್ಲ ಎಂದರು. ಹುಟ್ಟೂರಿನ ನೋವು ಅವರಿಗೆ ತಟ್ಟದೆ ಇರಲಿಲ್ಲ. ಆದರೆ ಅದು ಕವೆಂಟ್ರಿಯ ನೋವಿಗಿಂತ ದೊಡ್ಡದೆಂದು ಎಣಿಸಲು ಅವರು ಸಿದ್ಧರಿರಲಿಲ್ಲ.

ಯುದ್ಧ ಮುಗಿದ ಮೇಲೆ, 1945ರಲ್ಲಿ, ಲೇಖಕ ವಾಲ್ಟರ್ ಫಾನ್ ಮೋಲೊ ಬಹಿರಂಗ ಪತ್ರ ಬರೆದು ಅವರನ್ನು ಮರಳಿ ಕರೆದರು. ಇನ್ನೊಬ್ಬ ಲೇಖಕ ಫ್ರಾಂಕ್ ಥೀಸ್, ಹೊರಗಿದ್ದವರು ದೇಶದ ದುರಂತವನ್ನು ನಾಟಕಶಾಲೆಯ ಆಸನಗಳಲ್ಲಿ ಕುಳಿತು ನೋಡಿದರೆಂಬ ಅರ್ಥದಲ್ಲಿ ಚುಚ್ಚಿದರು. ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬಾಂಬು ಬಿದ್ದ ರಾತ್ರಿಗಳಲ್ಲಿ ನೆಲಮಾಳಿಗೆಯಲ್ಲಿ ನಡುಗಿದವರು ಬೇರೆಯವರೇ.

ಆದರೆ ಮಾನ್ ತಮ್ಮನ್ನು ಮಾತ್ರ ಒಳ್ಳೆಯವರೆಂದು ಬೇರ್ಪಡಿಸಿಕೊಂಡಿರಲಿಲ್ಲ ಎಂಬುದನ್ನೂ ಗಮನಿಸಬೇಕು. 1945ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ಒಳ್ಳೆಯದೊಂದು ಕೆಟ್ಟದೊಂದು ಎಂದು ಎರಡು ಜರ್ಮನಿಗಳಿಲ್ಲ, ಇರುವುದು ಒಂದೇ, ಅದರ ಕೇಡು ತಮ್ಮೊಳಗೂ ಇದೆ ಎಂದಿದ್ದರು. ದೂರವಿದ್ದು ಸ್ವದೇಶವನ್ನು ಖಂಡಿಸಿದವರ ಮಾತಿಗೆ ತೂಕ ಬರುವುದು ಇಂಥ ಒಪ್ಪಿಗೆಯಿಂದಲೇ.

1949ರಲ್ಲಿ ಅವರು ಜರ್ಮನಿಗೆ ಬಂದರು, ಅತಿಥಿಯಾಗಿ. 1952ರಲ್ಲಿ ಅಮೆರಿಕವನ್ನು ಬಿಟ್ಟಾಗಲೂ ನೆಲೆಸಿದ್ದು ಸ್ವಿಟ್ಜರ್ಲೆಂಡಿನಲ್ಲಿ. 1955ರಲ್ಲಿ ಅಲ್ಲೇ ತೀರಿಕೊಂಡರು.