ಸಾವಿನ ಕೀರ್ದಿ
(ತಾಂಬಾದ ಸಭೆಯಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ಸಾವಾದರೆ ಹಣೆಬರಹವೆಂದು ಸುಮ್ಮನಾಗುತ್ತೇವೆ. ಒಬ್ಬನ ಸಾವನ್ನು ಮುಂಚೆ ಹೇಳುವವರು ಯಾರೂ ಇಲ್ಲ, ನಿಜ. ಆದರೆ ಸಾವಿರಾರು ಜನರ ಸಾವಿಗೆ ಲೆಕ್ಕವಿದೆ. ಆ ಲೆಕ್ಕಕ್ಕೆ ಕೈಹಾಕಿದ ಮೊದಲಿಗರಲ್ಲಿ ಒಬ್ಬ ಲಂಡನ್ನಿನ ಜವಳಿ ವ್ಯಾಪಾರಿ ಜಾನ್ ಗ್ರಾಂಟ್. ಊರಿನ ಸಾವಿನ ಪಟ್ಟಿಗಳನ್ನು ಅಂಗಡಿಯ ಕೀರ್ದಿಯಂತೆ ಕೂಡಿಸಿ, 100 ಕೂಸುಗಳಲ್ಲಿ 36 ಆರು ವರುಷ ತುಂಬುವ ಮುನ್ನವೇ ಸಾಯುತ್ತವೆಂದು 1662ರಲ್ಲಿ ಅಂದಾಜು ಕಟ್ಟಿದ.

1825ರಲ್ಲಿ ಬೆಂಜಮಿನ್ ಗಾಂಪರ್ಟ್ಜ್ ಇನ್ನೊಂದು ಸೂತ್ರ ತೋರಿಸಿದ. ಪ್ರಾಯ ದಾಟಿದ ಮೇಲೆ ಸಾವಿನ ಪ್ರಮಾಣ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಇಂದಿನ ಲೆಕ್ಕದಂತೆ ವರುಷಕ್ಕೆ ನೂರಕ್ಕೆ ಸುಮಾರು ಒಂಬತ್ತು. ಎಂಟು ವರುಷಕ್ಕೆ ದುಪ್ಪಟ್ಟು. ಸಾಹುಕಾರನ ಸಾಲ ತೀರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಮುಪ್ಪಿನ ಬಡ್ಡಿ, ಯಾರೂ ತಪ್ಪಿಸಿಕೊಳ್ಳಲಾರರು.

ಆದರೆ 1860ರಲ್ಲಿ ವಿಲಿಯಂ ಮೇಕಹ್ಯಾಮ್ ಆ ಬಡ್ಡಿಗೆ ಇನ್ನೊಂದು ಬಾಬು ಸೇರಿಸಿದ: ವಯಸ್ಸನ್ನು ನೋಡದೆ ಬರುವ ಸಾವು. ಯಂತ್ರಕ್ಕೆ ಸಿಕ್ಕ ಕೂಲಿಕಾರನ ಸಾವು ಈ ಬಾಬಿನದು. ಇದು ಬಡ್ಡಿಯಲ್ಲ ಬಂಧುಗಳೇ, ದಂಡ!

ನಮ್ಮ ನೆಲವೂ ಈ ದಂಡ ತೆತ್ತಿದೆ. ಆಗಿನ ಕಲಾದಗಿ ಜಿಲ್ಲೆಯಲ್ಲಿ 1872ರಲ್ಲಿ ಸುಮಾರು 8 ಲಕ್ಷ ಜನರಿದ್ದರು. 1876–78ರ ಬರ ಬಂದು ಹೋಯಿತು. 1881ರಲ್ಲಿ ಉಳಿದವರು ಆರು ಲಕ್ಷದ ಆಸುಪಾಸು. ಗುಳೆ ಹೋದವರುಂಟು, ಸತ್ತವರು ಅಸಂಖ್ಯ. ಅವರೇನು ಮುಪ್ಪಿನಿಂದ ಸತ್ತರೇ? ಜೋಳವಿಲ್ಲದೆ ಸತ್ತರು.

ದಂಡ ಇಳಿಸಲು ಬರುತ್ತದೆ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯನ ಸರಾಸರಿ ಆಯುಷ್ಯ 32 ವರುಷದಷ್ಟು; 2016–20ರಲ್ಲಿ 70. ಹಣೆಬರಹ ಬದಲಾಯಿತೇ? ಇಲ್ಲ, ಲಸಿಕೆ, ನೀರು, ಅನ್ನ ಬಂದವು. ಆದರೂ 2020ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 19 ವರುಷ ತುಂಬಲಿಲ್ಲ.

ಯಾವ ವಯಸ್ಸಿನವರು ಯಾವ ಊರಲ್ಲಿ ಹೆಚ್ಚು ಸಾಯುತ್ತಾರೆಂದು ತಿಳಿಯಬೇಕಾದರೆ ಕೀರ್ದಿ ಸರಿಯಿರಬೇಕು. ನಾವು ವಯಸ್ಸು ಕೇಳಿದರೆ ಐವತ್ತು, ಅರವತ್ತು ಎಂದು ಗುಂಡಾಗಿ ಬರೆಸುತ್ತೇವೆ. ತೊಟ್ಟಿಲ ಕೂಸು ಸತ್ತರೆ ಬರೆಸುವುದನ್ನೇ ಮರೆಯುತ್ತೇವೆ. 1969ರ ಕಾಯಿದೆಯಂತೆ ಮರಣವನ್ನು 21 ದಿನದೊಳಗೆ ಬರೆಸಬೇಕು, ಅದಕ್ಕೆ ಶುಲ್ಕವಿಲ್ಲ. ಬರೆಸದ ಸಾವು ಸರಕಾರದ ಕಣ್ಣಿಗೆ ಸಾವೇ ಅಲ್ಲ. ಅದಕ್ಕಾಗಿ ಯಾರೂ ದವಾಖಾನೆ ಕಟ್ಟಲಾರರು.

ಕೂಲಿಯ ಲೆಕ್ಕವನ್ನು ಪೈಸೆಪೈಸೆಗೂ ಕೇಳುವ ನಾವು ನಮ್ಮವರ ಸಾವಿನ ಲೆಕ್ಕವನ್ನೂ ಬಿಡಬಾರದು.