ಪಾತ್ರ ಮೊದಲು, ಕಥೆ ಆಮೇಲೆ
(ಕಲ್ಯದಲ್ಲಿ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

 

ಕಥೆ, ನಾಟಕ, ಚಿತ್ರಕಥೆ ಬರೆಯುವ ಬಗ್ಗೆ ಮಾತನಾಡಿ ಎಂದು ಸಂಘದವರು ಹೇಳಿದ್ದಾರೆ. ನಾನು ಸಿನಿಮಾದವನಲ್ಲ, ಉರ್ದು ಮತ್ತು ಕನ್ನಡ ಪಾಠ ಹೇಳುವ ಮೇಷ್ಟ್ರು. ಆದರೆ ವಾರ್ಷಿಕೋತ್ಸವಕ್ಕೆಂದು ನೀವು ಬರೆದು ತರುವ ನಾಟಕಗಳನ್ನು ಓದುತ್ತಾ ಬಂದಿದ್ದೇನೆ. ಅವುಗಳಲ್ಲಿ ವಿಷಯ ಇರುತ್ತದೆ, ಮನುಷ್ಯರು ಇರುವುದಿಲ್ಲ. ವರದಕ್ಷಿಣೆಯ ಮೇಲೆ ತಂದೆಯದೊಂದು ಭಾಷಣ, ಮಗಳದೊಂದು ಭಾಷಣ, ಕೊನೆಗೆ ಮೇಷ್ಟ್ರದು ಎಲ್ಲಕ್ಕಿಂತ ಉದ್ದದ ಭಾಷಣ. ಮೂವರ ಬಾಯಲ್ಲೂ ಒಂದೇ ಮಾತು. ಚಪ್ಪಾಳೆ ಬೀಳುತ್ತದೆ. ಮಾರನೆಯ ದಿನ ಅವರಲ್ಲಿ ಒಬ್ಬರ ಹೆಸರೂ ಯಾರಿಗೂ ನೆನಪಿರುವುದಿಲ್ಲ.

ಉರ್ದುವಿನಲ್ಲಿ 'ಕಿರದಾರ್' ಎಂಬ ಪದವಿದೆ. ಕಥೆಯ ಪಾತ್ರಕ್ಕೂ ಅದೇ ಪದ, ಮನುಷ್ಯನ ನಡತೆಗೂ ಅದೇ ಪದ. ಕನ್ನಡದಲ್ಲಿ ಹೊಳೆ ಹರಿಯುವ ಜಾಗಕ್ಕೂ ಪಾತ್ರ ಎನ್ನುತ್ತೇವೆ. ಪಾತ್ರ ಹೇಗಿದೆಯೋ ನೀರು ಹಾಗೆ ಹರಿಯುತ್ತದೆ. ಕಥೆಯ ವಿಷಯದಲ್ಲೂ ಈ ಮಾತು ನಿಜವೆಂದು ನನ್ನ ಅನಿಸಿಕೆ.

ಪ್ರೇಮಚಂದರ 'ಈದ್‌ಗಾಹ್' ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ತಂದೆತಾಯಿ ಇಲ್ಲದ ಪುಟ್ಟ ಹಾಮಿದ್, ಕೈಯಲ್ಲಿ ಮೂರೇ ಪೈಸೆ. ಜೊತೆಯ ಹುಡುಗರು ಆಟಿಕೆ, ಮಿಠಾಯಿ ಕೊಳ್ಳುತ್ತಾರೆ. ಇವನು ಚೌಕಾಸಿ ಮಾಡಿ ಕಬ್ಬಿಣದ ಚಿಮಟ ಕೊಳ್ಳುತ್ತಾನೆ. ರೊಟ್ಟಿ ಬೇಯಿಸುವಾಗ ಅಜ್ಜಿ ಅಮೀನಾಳ ಬೆರಳು ಸುಡುತ್ತದಲ್ಲ, ಅದಕ್ಕೆ. ಹಾಮಿದ್ ಒಳ್ಳೆಯ ಹುಡುಗ ಎಂದು ಲೇಖಕರು ನಮ್ಮನ್ನು ಒಪ್ಪಿಸಬೇಕಾಗಿಲ್ಲ. ಮೂರು ಪೈಸೆಯನ್ನು ಅವನು ಎಲ್ಲಿ ಖರ್ಚು ಮಾಡಿದ ಎಂಬುದರಲ್ಲೇ ಅವನು ಯಾರೆಂದು ತಿಳಿಯುತ್ತದೆ.

ಇನ್ನು ನಮ್ಮ ಮಗ್ಗುಲಲ್ಲೇ ನಡೆದ ಉದಾಹರಣೆಗೆ ಬರೋಣ. 1973ರ ಅಕ್ಟೋಬರ್‌ನಲ್ಲಿ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯ ಸೆಟ್ ಹಾಕಿ 'ಶೋಲೆ' ಚಿತ್ರೀಕರಣ ಶುರು ಮಾಡಿದರು. ಚಿತ್ರ ತೆರೆಕಂಡದ್ದು 1975ರ ಆಗಸ್ಟ್ 15ರಂದು. ಬರೆದವರು ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್. ಜಾವೇದ್ ಬರೆಯುವುದು ಉರ್ದು ಲಿಪಿಯಲ್ಲಿ. ಉರ್ದು ಕಲಿತು ಏನು ಪ್ರಯೋಜನ ಎಂದು ಕೇಳುವ ಪೋಷಕರು ಇದನ್ನು ಸ್ವಲ್ಪ ಗಮನಿಸಬೇಕು! ಇವರು ನಿರ್ಮಾಪಕರ ಬಳಿ ಹೋದಾಗ ಕೈಯಲ್ಲಿದ್ದದ್ದು ನಾಲ್ಕು ಸಾಲಿನ ಕಥೆ. ಮನೆಯವರನ್ನು ಕಳೆದುಕೊಂಡ ಒಬ್ಬ ಅಧಿಕಾರಿ, ಸೇಡಿಗಾಗಿ ಅವನು ಕರೆತರುವ ಇಬ್ಬರು. ಇಂಥ ಸೇಡಿನ ಕಥೆಗಳು ಬೇಕಾದಷ್ಟಿದ್ದವು. ಹಾಗಾದರೆ ಐವತ್ತು ವರ್ಷ ಕಳೆದರೂ ಜನರ ಬಾಯಲ್ಲಿ ಉಳಿದದ್ದು ಏನು? ಗಬ್ಬರ್, ಬಸಂತಿ, ಜೈಲರ್, ಸೂರ್ಮಾ ಭೋಪಾಲಿ. ಎರಡೋ ಮೂರೋ ದೃಶ್ಯಗಳಲ್ಲಿ ಬಂದುಹೋಗುವವರಿಗೂ ಅವರದೇ ಮಾತಿನ ಧಾಟಿ ಇದೆ.

ಜೈಯ ನಾಣ್ಯವನ್ನು ನೆನಪಿಸಿಕೊಳ್ಳಿ. ಏನೇ ತೀರ್ಮಾನ ಬಂದರೂ ಅವನು ನಾಣ್ಯ ಚಿಮ್ಮುತ್ತಾನೆ, ಅದೃಷ್ಟಕ್ಕೆ ಬಿಟ್ಟವನಂತೆ ಕಾಣುತ್ತಾನೆ. ಅವನು ಸತ್ತ ಮೇಲೆ ವೀರೂ ಆ ನಾಣ್ಯ ನೋಡುತ್ತಾನೆ, ಎರಡೂ ಕಡೆ ಒಂದೇ ಮುಖ. ಅಂದರೆ ಕೊನೆಗೆ ತಾನೊಬ್ಬನೇ ಉಳಿದು ಹೋರಾಡುವುದೂ ಸೇರಿ ಪ್ರತಿಯೊಂದೂ ಜೈ ಮೊದಲೇ ಮಾಡಿದ್ದ ತೀರ್ಮಾನ. 'ನಾನು ನಿನಗಾಗಿ ಸಾಯುತ್ತೇನೆ ಗೆಳೆಯಾ' ಎಂದು ಅವನಿಂದ ಹೇಳಿಸಿದ್ದರೆ ನಮ್ಮ ವಾರ್ಷಿಕೋತ್ಸವದ ನಾಟಕವೇ ಆಗುತ್ತಿತ್ತು.

ಅದೇ ಚಿತ್ರದಲ್ಲಿ ಎ.ಕೆ. ಹಾನಗಲ್ ಅಭಿನಯಿಸಿದ ಇಮಾಮ್ ಸಾಹೇಬರಿದ್ದಾರೆ. ಕಣ್ಣು ಕಾಣದ ಮುದುಕ. ಕೆಲಸಕ್ಕೆಂದು ಹೊರಟ ಮಗನ ಶವ ಕುದುರೆಯ ಮೇಲೆ ಊರಿಗೆ ಬರುತ್ತದೆ. ಊರಿಗೆಲ್ಲ ಗೊತ್ತಾಗಿದೆ, ತಂದೆಗೆ ಮಾತ್ರ ಗೊತ್ತಿಲ್ಲ. ಯಾಕೆ ಎಲ್ಲರೂ ಸುಮ್ಮನಿದ್ದೀರಿ ಎಂದು ಅವರು ಕೇಳುವಾಗ ನಮ್ಮ ಗಂಟಲು ಕಟ್ಟುತ್ತದೆ. ಅವರ ಕುರುಡುತನ ಬರೀ ಕನಿಕರ ಹುಟ್ಟಿಸಲು ಇಟ್ಟದ್ದಲ್ಲ, ಆ ದೃಶ್ಯ ನಿಂತಿರುವುದೇ ಅದರ ಮೇಲೆ. ಆದರೂ ನನಗೊಂದು ಅಸಮಾಧಾನವಿದೆ. ಇಮಾಮ್ ಸಾಹೇಬರು ಒಳ್ಳೆಯವರು, ಒಳ್ಳೆಯವರು ಮಾತ್ರ. ಅವರಿಗೆ ಸಿಟ್ಟಿಲ್ಲ, ಜಿಪುಣತನವಿಲ್ಲ, ಹಠವಿಲ್ಲ. ಬಡಾಯಿ ಕೊಚ್ಚುವ ಸೂರ್ಮಾ ಭೋಪಾಲಿಯೇ ಅವರಿಗಿಂತ ಹೆಚ್ಚು ಜೀವಂತವಾಗಿ ಕಾಣುತ್ತಾನೆ. ಎಷ್ಟೋ ಸಿನಿಮಾಗಳಲ್ಲಿ ನಮ್ಮವರು ಒಂದೋ ಇಂಥ ದೇವರಂಥ ಚಾಚಾ, ಇಲ್ಲವೇ ಖಳನಾಯಕ. ನಮ್ಮ ಮನೆಗಳಲ್ಲಿರುವ ಜನ ಇವೆರಡೂ ಅಲ್ಲವಲ್ಲ! ಅವರನ್ನು ಕಂಡವರು ನೀವು. ಬಾನು ಮುಷ್ತಾಕ್ ಅವರು 'ಕರಿ ನಾಗರಗಳು' ಬರೆದದ್ದು ಹೀಗೆ ಒಳಗಿನಿಂದ ಕಂಡು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳೊಂದಿಗೆ ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ಅವಳು ಅಲ್ಲಿಂದ ಏಳುವುದಿಲ್ಲ ಎಂಬುದರಿಂದಲೇ ಕಥೆ ಬೆಳೆಯುತ್ತದೆ. ಗಿರೀಶ್ ಕಾಸರವಳ್ಳಿ ಅದನ್ನು 2004ರಲ್ಲಿ 'ಹಸೀನಾ' ಎಂಬ ಸಿನಿಮಾ ಮಾಡಿದರು.

ಈ ಕಲ್ಯದ ಶಾಸನವೂ ಒಂದು ದೃಶ್ಯವನ್ನೇ ಇಟ್ಟುಕೊಂಡಿದೆ. 1368ರಲ್ಲಿ ಜೈನರಿಗೂ ವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ ತೀರ್ಪು ಕೊಟ್ಟ. ಅದರ ಪ್ರತಿ ಇಲ್ಲೂ ಇದೆ, ಶ್ರವಣಬೆಳಗೊಳದಲ್ಲೂ ಇದೆ. ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನಂತೆ. ಕಾನೂನಿನ ಮಾತು ಸಾಕಾಗಿತ್ತು, ಆದರೂ ಕೈಯ ಸಂಗತಿಯನ್ನು ಬಿಡದೆ ಕೆತ್ತಿಸಿದರು.

ಈಗ ನಿಮ್ಮ ಸರದಿ. ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಒಂದು ವರದಿ ತಂದಿತು. ಅಂಥ ವರದಿ ಬೇಕು, ಸರ್ಕಾರಕ್ಕೆ ಅದು ಕೇಳಿಸುತ್ತದೆ. ಕಥೆ ಬರೆಯುವವರು ಒಂದೇ ಮನೆಯ ಒಳಗೆ ಹೋಗಬೇಕು. ನಸೀಮಾ ಎಂಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್, ಮಾಗಡಿಗೆ ಹೋಗಿ ಪಿಯುಸಿ ಓದುವಾಸೆ. ತಂದೆ ಸಣ್ಣ ರೀಲರ್, ಬೇಡ ಎನ್ನುತ್ತಾರೆ. ಅವರನ್ನು ಕೂಡಲೇ ದುಷ್ಟನನ್ನಾಗಿ ಮಾಡಬೇಡಿ. ಯಾಕೆ ಬೇಡ ಎಂದು ಕೇಳಿ. ಅಬ್ಬಾಜಾನ್‌ಗೆ ಕನ್ನಡ ಓದಲು ಬರುವುದಿಲ್ಲ. ಗೂಡು ಮಾರುಕಟ್ಟೆಯ ಚೀಟಿ, ಬ್ಯಾಂಕಿನ ಕಾಗದ ಎಲ್ಲವನ್ನೂ ಮಗಳೇ ಓದಿ ಹೇಳಬೇಕು. ಅವಳು ಕಲಿತ ಅಕ್ಷರವೇ ಅವಳನ್ನು ಮನೆಯಲ್ಲಿ ಕಟ್ಟಿಹಾಕಿದೆ. ಆದರೆ ಅವರು ಇದನ್ನು ಬಾಯಿಬಿಟ್ಟು ಹೇಳುತ್ತಾರೆಯೇ? ಸತ್ತರೂ ಹೇಳುವುದಿಲ್ಲ. ಬಸ್ಸಿನ ಸಮಯ ಸರಿಯಿಲ್ಲ, ಜನ ಏನಂದಾರು ಎನ್ನುತ್ತಾರೆ. ಮನೆಯಲ್ಲಿ ದಖನಿಯಲ್ಲಿ ಗದರುವ ಅದೇ ಮನುಷ್ಯ, ಗೂಡು ತಂದ ರೈತನ ಮುಂದೆ 'ಬನ್ನಿ ಗೌಡ್ರೇ' ಎಂದು ಕನ್ನಡದಲ್ಲಿ ನಗುತ್ತಾರೆ. ಎರಡೂ ಮಾತನ್ನು ನಿಮ್ಮ ಕಿವಿ ಕೇಳಿದೆ, ಹಾಗೇ ಬರೆಯಿರಿ.

ಕೊನೆಗೆ ನಸೀಮಾ ಏನು ಮಾಡುತ್ತಾಳೆ? ಅಪ್ಪನ ಎದುರು ನಿಲ್ಲುತ್ತಾಳೋ, ತಮ್ಮನಿಗೆ ಚೀಟಿ ಓದಲು ಕಲಿಸುತ್ತಾಳೋ, ರಾತ್ರಿ ಅಪ್ಪನಿಗೇ ಅ ಆ ಇ ಈ ತಿದ್ದಿಸುತ್ತಾಳೋ, ಅದು ನೀವು ಕಂಡ ನಸೀಮಾ ಎಂಥವಳು ಎಂಬುದಕ್ಕೆ ಬಿಟ್ಟದ್ದು. ಮೊದಲು ಅವಳ ಒಂದು ದಿನವನ್ನು ಬರೆದು ತನ್ನಿ, ಎರಡು ಪುಟ ಸಾಕು, ಉರ್ದುವಾದರೂ ಸರಿ, ಕನ್ನಡವಾದರೂ ಸರಿ. ಅದರಲ್ಲಿ ಮೇಷ್ಟ್ರ ಪಾತ್ರ ಇದ್ದರೆ ಅವರಿಗೆ ಭಾಷಣ ಮಾತ್ರ ಕೊಡಬೇಡಿ.